ಸೊಂಟ ನೋವು: ಸ್ಕ್ಯಾನ್‌ಗೂ ಮೊದಲಿನ ಇಪ್ಪತ್ತು ನಿಮಿಷ

"ಎಂಆರ್‌ಐ ಇಲ್ಲದ ಸೊಂಟ ನೋವು ನೋಡ್ತಿಯೇನಲೇ?" ಎಂದು ನಕ್ಕವರು ನನ್ನ ಮೆಡಿಕಲ್ ಬ್ಯಾಚಿನ ಡಾಕ್ಟರುಗಳೇ. ಈಗ ಅವರಲ್ಲೇ ಇಬ್ಬರು ಮೂವರು ಗುಳೇದಗುಡ್ಡಕ್ಕೆ, ನನ್ನ ಹತ್ತಿರ, ಪೇಶಂಟ್ ಕಳಿಸುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮಲ್ಲಿ ಬರುವವರು ಕುಣಿ ಮಗ್ಗದಲ್ಲಿ ಕೂತು ಖಣ ನೇಯುವವರು, ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಡ್ರೈವರ್‌ಗಳು, ಕುರಿ ಕಾಯುವವರು. ಒಳಗೆ ಬರುವಾಗಲೇ "ಗ್ಯಾಪ್ ಬಂದೈತಿ ರೀ" ಎನ್ನುತ್ತಾರೆ, ಅಂದರೆ ಬೆನ್ನುಮೂಳೆಯ ಡಿಸ್ಕ್ ಕೆಟ್ಟಿದೆ ಅಂತ. ಆರೇಳು ಸಾವಿರ ಕೊಟ್ಟು ತೆಗೆಸಿದ ಫಿಲ್ಮ್ ಕೈಯಲ್ಲಿರುತ್ತದೆ. ನಲವತ್ತಾದ ಮೇಲೆ ನೋವೇ ಇಲ್ಲದವರಲ್ಲೂ ಸುಮಾರು ಅರ್ಧ ಜನರ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುತ್ತದೆ. ಅದನ್ನು ನೋಡಿ ಏನು ಹೇಳೋದು?

ಫೀಸು ನೂರೈವತ್ತು, ಒಬ್ಬರಿಗೆ ಇಪ್ಪತ್ತು ನಿಮಿಷ. ಮೊದಲ ವರ್ಷ ಗಳಿಕೆ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಇಳಿಯಿತು. "ಸೂಜಿ ಇಲ್ಲ, ಫೋಟೋ ಇಲ್ಲ, ಬರೇ ಕಾಲು ಎತ್ತಿ ನೋಡ್ತಾನ" ಎಂದು ಜನ ಎದ್ದು ಹೋದರು. ನೋವಿನ ಜಾಗಕ್ಕೆ ಬಣ್ಣ ಹಚ್ಚಲೆಂದು ಮೈಯ ಚಿತ್ರವಿರುವ ಐನೂರು ಫಾರ್ಮ್ ಪ್ರಿಂಟ್ ಮಾಡಿಸಿದೆ, ಸಾವಿರದೈನೂರೋ ಏನೋ ಆಯಿತು. ವಯಸ್ಸಾದವರು ಇಡೀ ಮೈಗೇ ಬಣ್ಣ ಹಚ್ಚಿ ಕೊಟ್ಟರು! ಈಗ ಅದರ ಹಿಂಬದಿಯಲ್ಲಿ ಕಂಪೌಂಡರ್ ಲೆಕ್ಕ ಬರೆಯುತ್ತಾನೆ. ಒಂದೇ ಬೆರಳಲ್ಲಿ ತೋರಿಸಿ ಎನ್ನುವುದೇ ಸಾಕು. ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದ ಕೋನ ಅಳೆಯಲು ಮೊಬೈಲ್ ಆಪ್ ಕೂಡ ಹಾಕಿದ್ದೆ. ಅದೇ ಕಾಲು, ಎರಡು ಸಲಕ್ಕೆ ಹತ್ತು ಡಿಗ್ರಿ ವ್ಯತ್ಯಾಸ. ಬಿಟ್ಟೆ. ನೋವು ಮೊಣಕಾಲಿನ ಕೆಳಗೆ ಇಳಿಯಿತಾ (ಆಗ ನರದ ಅನುಮಾನ), ಇಲ್ಲಾ ಬರೀ ತೊಡೆಯ ಹಿಂದೆ ಬಿಗಿಯಿತಾ (ಆಗ ಸ್ನಾಯು), ಅಷ್ಟೇ ಬರೆದುಕೊಳ್ಳುತ್ತೇನೆ. ಚೆನ್ನಾಗಿರುವ ಕಾಲು ಎತ್ತಿದಾಗ ನೋವಿನ ಕಾಲು ಸೆಳೆದರೆ ನರ ಒತ್ತಿದೆ ಅಂತಲೇ ಹಿಡಿಯುತ್ತೇನೆ.

ಎಸ್1 (ಬೆನ್ನಿನ ಬುಡದಿಂದ ಪಾದಕ್ಕಿಳಿಯುವ ನರ) ನೋಡಲು ಮಲಗಿಸಿ ಪಾದ ಒತ್ತಿ ನೋಡಬೇಡಿ. ಮಗ್ಗ ತುಳಿಯುವ ಕಾಲನ್ನು ನಿಮ್ಮ ಕೈ ಸೋಲಿಸುವುದಿಲ್ಲ. ಗೋಡೆ ಹಿಡಿಸಿ, ಒಂದೇ ಕಾಲಲ್ಲಿ ಹತ್ತು ಸಲ ಹಿಮ್ಮಡಿ ಎತ್ತಿಸಿ. ಆರನೆಯದಕ್ಕೋ ಏಳನೆಯದಕ್ಕೋ ಸೋತರೆ ಗೊತ್ತಾಗುತ್ತದೆ. ಅದರ ಮೇಲಿನ ನರ ಎಲ್5ಗೆ ಕಾಲಿನ ಹೆಬ್ಬೆರಳು ಮೇಲೆತ್ತಿಸಿ ನೋಡಿ. ತೊಡೆ ಸೇರುವ ಸೊಂಟದ ಕೀಲು (ಹಿಪ್) ಒಳಗೆ ತಿರುಗಿಸಿ ನೋಡುವುದನ್ನು ಮಾತ್ರ ಬಿಡಬೇಡಿ. 'ಡಿಸ್ಕ್' ಅಂತ ಬಂದ ಎಷ್ಟೋ ನೋವು ಅಲ್ಲೇ ಸಿಕ್ಕಿದೆ.

ನನ್ನ ಹೆಸರು ಓಡಿದ್ದು ಕುರಿಗಾಹಿಗಳಿಂದ. ಒಬ್ಬರ ರಿಪೋರ್ಟಿನಲ್ಲಿ ಎಲ್4-5 (ಸೊಂಟದ ನಾಲ್ಕು-ಐದನೇ ಮೂಳೆಯ ನಡುವೆ) ಡಿಸ್ಕ್ ಉಬ್ಬು, ಬೇರೆ ಕಡೆ ಆಪರೇಷನ್ ಅಂದಿದ್ದರು. ಸಂಜೆ ಜ್ವರ, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರು, ಹಸಿ ಹಾಲು ಕುಡಿಯುವ ರೂಢಿ. ಕೆಲವು ನೂರು ರೂಪಾಯಿಯ ಬ್ರುಸೆಲ್ಲಾ (ಜಾನುವಾರು, ಹಸಿ ಹಾಲಿನಿಂದ ಬರುವ ಸೋಂಕು) ಟೆಸ್ಟ್ ಮಾಡಿಸಿದೆ, ಟೈಟರ್, ಅಂದರೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ, ಜೋರಾಗಿತ್ತು. ಮೂರು ತಿಂಗಳು ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್. ಆಮೇಲೆ ಹಿಂಡಿನ ಜೊತೆ ನಡೆದೇ ಹೋದರು. ಜ್ವರ ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ತಲೆಯಲ್ಲಿಡಿ.

ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ನನ್ನ ಇಪ್ಪತ್ತು ನಿಮಿಷವೂ ಬೇಡ. ಅದೇ ದಿನ ಎಂಆರ್‌ಐ, ಅದೇ ದಿನ ಸರ್ಜನ್. ಉಳಿದಂತೆ ಈಗ ನೂರಕ್ಕೆ ಹತ್ತು ಜನರನ್ನು ಸ್ಕ್ಯಾನ್‌ಗೆ ಕಳಿಸುತ್ತೇನೋ ಏನೋ.

ಪರಿಹಾರದ ದುಡ್ಡಿಗಾಗಿ ಕುಂಟುವವರನ್ನು ಹಿಡಿಯುವ ಒಂದು ಪ್ರಶ್ನೆ ಇದೆ. ಅದನ್ನು ಬರೆಯೋದಿಲ್ಲ. ಅವರೂ ಓದ್ತಾರೆ, ಅಲ್ವಾ?

ಸದ್ಯ ನೇಕಾರರ ಕೂರುವ ಹಲಗೆಯ ಹಿಂಬದಿಗೆ ಎರಡು ಬೆರಳೆತ್ತರ ಕೊಟ್ಟು ನೋಡುತ್ತಿದ್ದೇನೆ. ಇಬ್ಬರಿಗೆ ಹಾಯೆನಿಸಿದೆ. ಮೂರನೆಯವರು, ಮೊಳ ಕಡಿಮೆ ಬೀಳುತ್ತಿದೆ ಎಂದು ಕಿತ್ತು ಬಿಸಾಕಿದರು.