ಪುಸ್ತಕ ಕೊಡುವ ಮುಂಚೆ ನಾನು ಕೇಳುವ ಒಂದು ಪ್ರಶ್ನೆ

ಗಿರಿನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಮರದ ಬೀರು ಇದೆ. ಅದರ ತುಂಬ ಸೈನ್ಸ್ ಫಿಕ್ಷನ್ ಕಾದಂಬರಿಗಳು, ಸುಮಾರು 150. ಜಾಸ್ತಿ ಪಾಲು ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ, ಅವೆನ್ಯೂ ರೋಡಿನಲ್ಲಿ ಹುಡುಕಿ ತಂದವು. ಎಂಟು ವರ್ಷದಿಂದ ಆಫೀಸಿನವರು, ಪಕ್ಕದ ಮನೆಯವರು, ಅವರ ಸ್ನೇಹಿತರು ಬಂದು ಓದಲಿಕ್ಕೆ ತಗೊಂಡು ಹೋಗುತ್ತಾರೆ. ಬಂದವರು ಹೆಚ್ಚಾಗಿ ಕೇಳುವುದು ಒಂದೇ: ಬರೀ ರಾಕೆಟ್ಟು, ಬಂದೂಕು ಬೇಡ, ಓದಿದ ಮೇಲೆ ತಲೆಯಲ್ಲಿ ಉಳಿಯುವಂಥದ್ದು ಕೊಡಿ.

ಮೊದಮೊದಲು ನನಗೆ ತುಂಬ ಇಷ್ಟವಾದದ್ದನ್ನೇ ಕೊಡುತ್ತಿದ್ದೆ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರಲ್ಲಿ ಬರೆದ ‘ಸೋಲಾರಿಸ್’. ಒಂದು ಗ್ರಹದ ಮೈತುಂಬ ಸಮುದ್ರ, ಆ ಸಮುದ್ರವೇ ಒಂದು ಜೀವ. ಎಷ್ಟೋ ವರ್ಷ ಅಧ್ಯಯನ ಮಾಡಿದರೂ ವಿಜ್ಞಾನಿಗಳಿಗೆ ಅದು ಅರ್ಥವೇ ಆಗುವುದಿಲ್ಲ. ಐದು ಜನಕ್ಕೆ ಕೊಟ್ಟೆ, ನಾಲ್ಕು ಜನ ಅರ್ಧಕ್ಕೇ ವಾಪಸ್ ತಂದರು. ಪುಸ್ತಕದ ತಪ್ಪಲ್ಲ, ಓದುವವರದ್ದೂ ಅಲ್ಲ. ಅವರ ತಲೆಯಲ್ಲಿ ಆಗ ಏನಿತ್ತು ಅಂತ ನಾನು ಕೇಳಿಯೇ ಇರಲಿಲ್ಲ.

ಈಗ ‘ಯಾವ ಥರದ ಪುಸ್ತಕ ಇಷ್ಟ’ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ‘ಈಚೆಗೆ ಯಾವ ವಿಷಯ ನಿಮ್ಮನ್ನು ಕಾಡ್ತಾ ಇದೆ’ ಅಂತ ಕೇಳುತ್ತೇನೆ.

ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಹುಡುಗನೊಬ್ಬ ಬರುತ್ತಾನೆ. ಅವನಿಗೆ ಈ ಪ್ರಶ್ನೆ ಹಾಕಿದಾಗ ‘ಅಣ್ಣಾ, ನಾನು ಮಾರೋ ಅರ್ಧ ಸಾಮಾನು ಒಳಗಡೆ ಹೇಗೆ ಕೆಲಸ ಮಾಡುತ್ತೆ ಅಂತ ನನಗೇ ಗೊತ್ತಿಲ್ಲ, ಅದು ಒಂಥರಾ ಅನ್ಸುತ್ತೆ’ ಅಂದ. ತಕ್ಷಣ ಸ್ಟ್ರುಗಾಟ್ಸ್ಕಿ ಸಹೋದರರ ‘ರೋಡ್‌ಸೈಡ್ ಪಿಕ್‌ನಿಕ್’ ತೆಗೆದು ಕೊಟ್ಟೆ. 1972ರ ರಷ್ಯನ್ ಕಾದಂಬರಿ. ಬೇರೆ ಲೋಕದವರು ಭೂಮಿಗೆ ಬಂದು, ನಮ್ಮ ಕಡೆ ತಿರುಗಿಯೂ ನೋಡದೆ ಹೋಗಿಬಿಟ್ಟಿರುತ್ತಾರೆ. ದಾರಿ ಪಕ್ಕ ಬುತ್ತಿ ಬಿಚ್ಚಿ ಉಂಡು ಎದ್ದುಹೋದವರು ಕಸ ಬಿಟ್ಟ ಹಾಗೆ ಏನೇನೋ ಬಿಟ್ಟು ಹೋಗಿರುತ್ತಾರೆ. ಬಡವರು ಪ್ರಾಣ ಒತ್ತೆ ಇಟ್ಟು ಅದನ್ನು ಕದ್ದು ತಂದು ಮಾರುತ್ತಾರೆ. ಕೊಂಡವರಿಗೂ ಅದು ಏನು ಅಂತ ಗೊತ್ತಿಲ್ಲ, ಉಪಯೋಗ ಮಾತ್ರ ಮಾಡಿಕೊಳ್ಳುತ್ತಾರೆ. ಹುಡುಗ ನಾಲ್ಕೇ ದಿನಕ್ಕೆ ಮುಗಿಸಿ ಬಂದು, ನಮ್ಮ ಮನೆ ಗೇಟಿನ ಹತ್ತಿರ ನಿಂತೇ ಒಂದು ಗಂಟೆ ಮಾತಾಡಿದ.

ಇಂಗ್ಲಿಷ್ ಓದುವುದು ಕಷ್ಟ ಅನ್ನುವವರಿಗೆ ನಾನು ಕಥೆಯನ್ನು ಕನ್ನಡದಲ್ಲಿ ಹೇಳುತ್ತೇನೆ. ಹಾಗೆ ಹೇಳುವಾಗಲೇ ಕೆಲವು ಪುಸ್ತಕಗಳು ನನಗೂ ಹೊಸದಾಗಿ ಕಂಡಿವೆ. ಅರ್ಸುಲಾ ಲೆಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಅಂಥದ್ದು. ಅಲ್ಲಿನ ಹಿಮಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ, ಮುಂದಿನ ಸಲ ಯಾವುದು ಅಂತ ಅವರಿಗೂ ಗೊತ್ತಿರುವುದಿಲ್ಲ. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ ಆಗಬಹುದು. ಲಾಲ್‌ಬಾಗ್‌ನಲ್ಲಿ ವಾಕ್ ಮಾಡುತ್ತಾ ಗೆಳೆಯನಿಗೆ ಇದನ್ನು ಹೇಳಲು ಹೊರಟೆ. ‘ಆ ದೊರೆ ಬಸುರಿಯಾಗಿದ್ದಾನೆ’ ಅಂದೆ, ಎರಡು ಪದಗಳೂ ಜಗಳಕ್ಕೆ ನಿಂತವು. ನಮ್ಮಲ್ಲಿ ಕ್ರಿಯಾಪದವೇ ಗಂಡು ಹೆಣ್ಣು ಹೇಳಿಬಿಡುತ್ತೆ ಅಲ್ವಾ, ಬಂದ, ಬಂದಳು. ಆಮೇಲೆ ದಾರಿ ಹೊಳೆಯಿತು. ‘ಅವರು ಬಂದರು, ಅವರು ಗರ್ಭ ಧರಿಸಿದರು.’ ಗೌರವ ಕೊಟ್ಟ ಕೂಡಲೇ ಗಂಡು ಹೆಣ್ಣಿನ ಗುರುತು ಹೋಗಿಬಿಟ್ಟಿತು! ಲೆಗ್ವಿನ್ ಆ ಜನಕ್ಕೆಲ್ಲ ‘ಹೀ’ ಅಂತ ಬಳಸಿ, ವರ್ಷಗಳಾದ ಮೇಲೆ ತಾವೇ ಅದನ್ನು ಮತ್ತೆ ಯೋಚಿಸಿ ಬರೆದರು. ಕನ್ನಡದಲ್ಲಿ ಅದಕ್ಕೆ ಬೇಕಾದ ಪದ ದಿನಾ ನಮ್ಮ ಬಾಯಲ್ಲೇ ಇದೆ. ಈ ಪುಸ್ತಕ ಕೊಡುವಾಗ ಒಂದು ಮಾತು ಹೇಳಿಯೇ ಕೊಡುತ್ತೇನೆ: ಶುರುವಿನ ರಾಜಕೀಯ ನಿಧಾನ, ಸ್ವಲ್ಪ ತಾಳ್ಮೆ ಇರಲಿ, ಇಬ್ಬರೇ ಹಿಮದ ಮೇಲೆ ಗಾಡಿ ಎಳೆದುಕೊಂಡು ಹೊರಡುವ ಭಾಗಕ್ಕೆ ಬಂದರೆ ಕೆಳಗಿಡಲು ಆಗುವುದಿಲ್ಲ.

ಕನ್ನಡದ್ದೇ ಬೇಕು ಅಂದವರಿಗೆ ತೇಜಸ್ವಿಯವರ ‘ಕರ್ವಾಲೊ’. ಇದು ಸೈನ್ಸ್ ಫಿಕ್ಷನ್ನೇ ಅಲ್ಲ ಅಂತ ವಾದ ಮಾಡುವವರಿದ್ದಾರೆ, ಇರಲಿ. ಜೇನು ಹಿಡಿಯುವ ಮಂದಣ್ಣನ ಜೊತೆ ಒಬ್ಬ ದೊಡ್ಡ ವಿಜ್ಞಾನಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ, ಕಾಲ ಅಂದರೇನು ಅಂತ ಇಷ್ಟು ಹತ್ತಿರದಿಂದ ಕೇಳಿದ ಕಾದಂಬರಿ ನನ್ನ ಬೀರುವಿನಲ್ಲಿ ಬೇರೆ ಇಲ್ಲ.

ಒಂದು ಸಲ ನನ್ನಿಂದ ದೊಡ್ಡ ತಪ್ಪಾಯಿತು. ಪರಿಚಯದ ಟೀಚರ್ ಒಬ್ಬರು ಬಂದಿದ್ದರು. ಅವತ್ತು ಆತುರದಲ್ಲಿದ್ದೆ, ಪ್ರಶ್ನೆ ಕೇಳದೆ ಸುಮ್ನೆ ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್‌ನಾನ್’ (1966) ಕೊಟ್ಟೆ. ಬೇಕರಿಯಲ್ಲಿ ಕೆಲಸ ಮಾಡುವ, ಬುದ್ಧಿ ಕಡಿಮೆ ಇರುವ ಚಾರ್ಲಿಗೆ ಆಪರೇಷನ್ ಮಾಡಿ ಬುದ್ಧಿ ಹೆಚ್ಚಿಸುತ್ತಾರೆ. ಇಡೀ ಕಥೆ ಅವನೇ ಬರೆದ ವರದಿಗಳು. ಮೊದಲು ಸಾಲು ಸಾಲಿಗೂ ಕಾಗುಣಿತ ತಪ್ಪು, ಆಮೇಲೆ ಅಚ್ಚುಕಟ್ಟು, ಕೊನೆಗೆ ಬಂದ ಬುದ್ಧಿ ಇಳಿಯುತ್ತಾ ಇಳಿಯುತ್ತಾ ತಪ್ಪುಗಳು ವಾಪಸ್ ಬರುತ್ತವೆ. ಟೀಚರ್ ಮೂರು ವಾರ ಆದ ಮೇಲೆ ಬಂದರು. ಅವರ ತಂದೆಗೆ ಮರೆವಿನ ಕಾಯಿಲೆ, ಅದು ನನಗೆ ಗೊತ್ತಿರಲಿಲ್ಲ. ‘ಅಪ್ಪ ಅಂಗಡಿಗೆ ಬರೆದುಕೊಡೋ ಚೀಟಿಯಲ್ಲಿ ಈಗ ಒತ್ತಕ್ಷರ ಬಿಟ್ಟುಹೋಗ್ತಿವೆ. ಯಾಕೆ ಮೊದಲೇ ಹೇಳಲಿಲ್ಲ ಸರ್?’ ಅಂದರು. ಕಥೆಯ ಕೊನೆ ಹೇಳಬಾರದು ಅಂತ ನಾನು ಬಲವಾಗಿ ನಂಬಿದ್ದವನು. ಅವತ್ತಿಂದ ಬಿಟ್ಟೆ. ನೋಯಿಸಬಹುದು ಅನ್ನಿಸಿದರೆ ಕೊನೆ ಏನು ಅಂತ ಹೇಳಿಯೇ ಕೊಡುತ್ತೇನೆ. ಒಳ್ಳೆಯ ಪುಸ್ತಕ ಅದರಿಂದ ಕೆಡುವುದಿಲ್ಲ.

ಹೋದ ತಿಂಗಳು ಅವರೇ ಮತ್ತೆ ಬಂದರು. ಈ ಸಲ ಕೂರಿಸಿ, ಕಾಫಿ ಕೊಟ್ಟು, ಪ್ರಶ್ನೆ ಕೇಳಿದೆ. ‘ಅಪ್ಪನ ಮುಖ ಅದೇ, ದನಿ ಅದೇ. ಆದ್ರೆ ಎದುರಿಗೆ ಕೂತಿರೋರು ಯಾರು ಅಂತ ಗೊತ್ತಾಗಲ್ಲ’ ಅಂದರು. ಎದ್ದು ಹೋಗಿ ‘ಸೋಲಾರಿಸ್’ ತಂದೆ. ಅದರಲ್ಲಿ ಆ ಸಮುದ್ರ ಕೆಲ್ವಿನ್ ಎಂಬ ವಿಜ್ಞಾನಿಯ ಹತ್ತಿರ ಅವನ ಸತ್ತ ಹೆಂಡತಿಯನ್ನು ಕಳಿಸುತ್ತೆ, ಅದೇ ಮುಖ, ಆದರೆ ತಾನು ಎಲ್ಲಿಂದ ಬಂದೆ ಅಂತ ಅವಳಿಗೇ ಗೊತ್ತಿಲ್ಲ. ಇಷ್ಟನ್ನೂ, ಅವಳಿಗೆ ಕೊನೆಗೆ ಏನಾಗುತ್ತೆ ಅನ್ನುವುದನ್ನೂ ಮೊದಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು. ಮೊನ್ನೆ ಮೆಸೇಜ್ ಬಂತು: ದಿನಾ ರಾತ್ರಿ ಅಪ್ಪ ಮಲಗಿದ ಮೇಲೆ ಹತ್ತು ಪುಟ ಓದುತ್ತಿದ್ದಾರಂತೆ.