ಶಾಶಿಗೆ ಹೋಗುವುದಾದರೆ ಶುಕ್ರವಾರ ನೋಡಿಕೊಂಡು ಹೋಗಿ

ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ದಾಲಿಗೂ ಲಿಜಿಯಾಂಗ್‌ಗೂ ನಡುವೆ ಒಂದು ಕಣಿವೆ ಇದೆ. ಅದರಲ್ಲಿ ಶಾಶಿ ಅಂತ ಒಂದು ಪುಟ್ಟ ಊರು. ಆ ಕಡೆ ಹೋಗುವವರಲ್ಲಿ ಹೆಚ್ಚಿನವರು ದಾಲಿ ನೋಡಿ, ಲಿಜಿಯಾಂಗ್ ನೋಡಿ, ಎರಡೂ ಕಡೆ ಗುಂಪಿನಲ್ಲಿ ತಳ್ಳಿಸಿಕೊಂಡು, ಒಂದೇ ಥರದ ಅಂಗಡಿಗಳಲ್ಲಿ ಒಂದೇ ಥರದ ಡೋಲು, ಶಾಲು ನೋಡಿ ವಾಪಸ್ ಬರುತ್ತಾರೆ. ಶಾಶಿಗೆ ಬಂದರೂ ಮಧ್ಯಾಹ್ನ ಬಂದು, ನಾಲ್ಕು ಫೋಟೋ ತೆಗೆದು, ಸಂಜೆಗೆ ಹೊರಟುಬಿಡುತ್ತಾರೆ. ಹಾಗೆ ಹೋಗುವುದಾದರೆ ಹೋಗಲೇಬೇಡಿ. ನನ್ನ ಲೆಕ್ಕ ಸರಳ. ಗುರುವಾರ ಸಂಜೆಗೆ ಊರು ಸೇರಿ, ಭಾನುವಾರ ಬೆಳಿಗ್ಗೆ ಹೊರಡಿ. ಯಾಕೆಂದರೆ ಶುಕ್ರವಾರ ಅಲ್ಲಿ ಸಂತೆ. ಉಳಿದದ್ದನ್ನೆಲ್ಲ ಆ ಸಂತೆಯ ಹಿಂದೆ ಮುಂದೆ ಜೋಡಿಸಿಕೊಂಡರೆ ಆಯ್ತು.

ಯಾವಾಗ ಹೋಗಬೇಕು ಅನ್ನುವುದು ನಿಮಗೆ ಏನು ಬೇಕು ಅನ್ನುವುದರ ಮೇಲೆ. ಊರು ಸುಮಾರು 2100 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಬೇಸಿಗೆಯಲ್ಲೂ ರಾತ್ರಿ ಒಂದು ಸ್ವೆಟರ್ ಬೇಕೇ ಬೇಕು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಆಕಾಶ ನೀಲಿ, ಆದರೆ ಡಿಸೆಂಬರ್-ಜನವರಿ ರಾತ್ರಿಗಳು ಕೊರೆಯುತ್ತವೆ. ಮರದ ಹಳೆ ಮನೆಗಳು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆ ಅಂದ ತಕ್ಷಣ ಬೇಡ ಅನ್ನಬೇಡಿ, ಅಣಬೆ ಬರುವುದು ಆಗಲೇ, ಗದ್ದೆ ಹಸಿರಾಗಿರುವುದೂ ಆಗಲೇ. ಸೆಪ್ಟೆಂಬರ್ ಕೊನೆಗೆ ಭತ್ತ ಹಣ್ಣಾಗಿ ಕಣಿವೆಯೆಲ್ಲ ಹಳದಿ. ಆದರೆ ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ದಿನದ ರಜೆ, ಮೇ ಮೊದಲ ವಾರ, ಚೀನೀ ಹೊಸ ವರ್ಷ, ಈ ಮೂರನ್ನು ಬಿಟ್ಟು ಹೋಗಿ. ಆ ದಿನಗಳಲ್ಲಿ ಎಂಥ ಮೂಲೆಯ ಊರೂ ನಿಶ್ಶಬ್ದವಾಗಿರುವುದಿಲ್ಲ, ರೂಮಿನ ಬಾಡಿಗೆಯೂ ಮಾಮೂಲಿಯಾಗಿರುವುದಿಲ್ಲ.

ವೀಸಾ ವಿಷಯದಲ್ಲಿ ಗೊಂದಲ ಬೇಡ. ಚೀನಾ ಎಷ್ಟೋ ದೇಶದವರನ್ನು ವೀಸಾ ಇಲ್ಲದೆ ಬಿಡುತ್ತದೆ, ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಳಿಯುವವರಿಗೆ 240 ಗಂಟೆಯ ಟ್ರಾನ್ಸಿಟ್ ಸೌಲಭ್ಯವೂ ಇದೆ, ಇದರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆದರೆ ಭಾರತದ ಪಾಸ್‌ಪೋರ್ಟ್ ಆ ಪಟ್ಟಿಗಳಲ್ಲಿಲ್ಲ. ಮೊದಲೇ ಟೂರಿಸ್ಟ್ ವೀಸಾ ಮಾಡಿಸಿಕೊಂಡೇ ಹೋಗಬೇಕು.

ದಾರಿ ಹೀಗೆ. ಮೊದಲು ವಿಮಾನದಲ್ಲಿ ಯುನ್ನಾನ್‌ನ ರಾಜಧಾನಿ ಕುನ್ಮಿಂಗ್. ಬ್ಯಾಂಕಾಕ್, ಕೌಲಾಲಂಪುರ, ಗ್ವಾಂಗ್‌ಜೋ, ಯಾವುದರ ಮೂಲಕ ಬೇಕಾದರೂ ಬರಬಹುದು. ಕುನ್ಮಿಂಗ್‌ನಿಂದ ದಾಲಿಗೆ ಹೈಸ್ಪೀಡ್ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಈ ರೈಲು 2018ರಲ್ಲಿ ಶುರುವಾಗಿದ್ದು, ಅದಕ್ಕೆ ಮುಂಚೆ ಬರೀ ಈ ತುಂಡಿಗೇ ಅರ್ಧ ದಿನ ಹೋಗುತ್ತಿತ್ತು. ಟಿಕೆಟ್ ಹದಿನೈದು ದಿನ ಮೊದಲು ಬಿಡುತ್ತಾರೆ. 12306 ಅನ್ನುವ ರೈಲ್ವೆ ಆ್ಯಪ್‌ನಲ್ಲಿ ಅಥವಾ ಟ್ರಿಪ್ ಡಾಟ್ ಕಾಮ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಬುಕ್ ಮಾಡಿ. ಪ್ರಿಂಟ್ ಬೇಕಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಆಟೊಮ್ಯಾಟಿಕ್ ಗೇಟು ನಿಮ್ಮ ಪಾಸ್‌ಪೋರ್ಟ್ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಗೇಟಿಗೆ ಹೋಗಿ, ಸುಮ್ನೆ ಮಷೀನ್ ಮುಂದೆ ಒದ್ದಾಡಬೇಡಿ. ದಾಲಿ ರೈಲು ನಿಲ್ದಾಣ ಇರುವುದು ಶಿಯಾಗ್ವಾನ್‌ನಲ್ಲಿ, ಅಂದರೆ ಹೊಸ ಪೇಟೆಯಲ್ಲಿ. ದಾಲಿ ಹಳೆ ಊರು ಅಲ್ಲಿಂದ ಇನ್ನೂ ಉತ್ತರಕ್ಕಿದೆ. ನಿಮಗೆ ಬೇಕಾದದ್ದು ಜಿಯಾನ್‌ಚ್ವಾನ್ ಬಸ್. ಜಿಯಾನ್‌ಚ್ವಾನ್ ಅನ್ನುವುದು ಶಾಶಿ ಸೇರಿರುವ ಜಿಲ್ಲೆಯ ಪಟ್ಟಣ, ಅಲ್ಲಿಂದ ಮಿನಿ ವ್ಯಾನ್‌ಗಳು ಕಣಿವೆಗೆ ಇಳಿಯುತ್ತವೆ. ತುಂಬಿದ ಮೇಲೆ ಹೊರಡುತ್ತವೆ, ಅದಕ್ಕೆ ಟೈಮ್ ಟೇಬಲ್ ಕೇಳಿ ಪ್ರಯೋಜನ ಇಲ್ಲ. ಲಿಜಿಯಾಂಗ್ ಕಡೆಯಿಂದ ಬರುವವರೂ ಜಿಯಾನ್‌ಚ್ವಾನ್‌ಗೇ ಬಂದು ಇಳಿಯಬಹುದು. ನೇರ ಗಾಡಿ ಬೇಕೆಂದರೆ ಉಳಿಯುವ ಗೆಸ್ಟ್‌ಹೌಸಿನವರನ್ನೇ ಕೇಳಿ, ಅವರಿಗೆ ಡ್ರೈವರ್‌ಗಳು ಗೊತ್ತಿರುತ್ತಾರೆ.

ಇಲ್ಲೊಂದು ಎಚ್ಚರಿಕೆ. ಚೀನಾದಲ್ಲಿ ಶಾಶಿ ಅನ್ನುವ ಊರು ಒಂದೇ ಅಲ್ಲ. ಶಾಂಘೈ ಹತ್ತಿರದ ತೈಚಾಂಗ್‌ನಲ್ಲೂ ಶಾಶಿ ಅನ್ನುವ ಹಳೆ ಊರಿದೆ. ಹೋಟೆಲ್ ಹುಡುಕುವಾಗ, ಮ್ಯಾಪ್ ಹಾಕುವಾಗ ಜಿಯಾನ್‌ಚ್ವಾನ್ ಅಂತ ಸೇರಿಸಿ.

ಫೋನಿನ ಕೆಲಸ ಎಲ್ಲವನ್ನೂ ಮನೆಯಲ್ಲೇ ಮುಗಿಸಿ. ಹಣ ಕೊಡಲು ಅಲಿಪೇ ಅನ್ನುವ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ತೋರಿಸಿ ವೆರಿಫೈ ಮಾಡಿ, ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕಿನಲ್ಲಿ ಇಂಟರ್‌ನ್ಯಾಷನಲ್ ವಹಿವಾಟು ಆನ್ ಮಾಡಿಸುವುದು ಮರೆಯಬೇಡಿ. ರುಪೇ, ಯುಪಿಐ ನಂಬಿಕೊಂಡು ಹೋಗಬೇಡಿ. ಅಲಿಪೇಯಲ್ಲಿ ವಿದೇಶಿ ಕಾರ್ಡಿಗೆ 200 ಯುವಾನ್‌ವರೆಗಿನ ಪಾವತಿಗೆ ಶುಲ್ಕ ಇಲ್ಲ, ಅದಕ್ಕಿಂತ ಜಾಸ್ತಿ ಆದರೆ 3 ಶೇಕಡಾ ಹಿಡಿಯುತ್ತಾರೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಬುಟ್ಟಿಗೆ ಕ್ಯೂಆರ್ ಕೋಡ್ ನೇತುಹಾಕಿರುತ್ತಾಳೆ. ಆದರೂ 10, 20ರ ಸಣ್ಣ ನೋಟು ಸ್ವಲ್ಪ ಇಟ್ಟುಕೊಳ್ಳಿ. ಬೆಟ್ಟದ ಮೇಲೆ ಸಿಗ್ನಲ್ ಕೈಕೊಟ್ಟಾಗ ಅದೇ ಗತಿ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್ ಅಥವಾ ಪ್ರವಾಸಿಗರ ಇ-ಸಿಮ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಏಕೆಂದರೆ ಆ ಡೇಟಾ ಹೊರದೇಶದ ಮೂಲಕ ಹಾದುಬರುತ್ತದೆ. ದಾರಿ ನೋಡಲು ಅಮ್ಯಾಪ್ ಹಾಕಿಕೊಳ್ಳಿ. ಗೂಗಲ್ ಮ್ಯಾಪ್ ಅಲ್ಲಿ ನಿಮ್ಮನ್ನು ಗದ್ದೆಯ ಮಧ್ಯೆ ನಿಲ್ಲಿಸುತ್ತದೆ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್‌ಗೆ ಇಳಿಸಿಟ್ಟುಕೊಳ್ಳಿ.

ಉಳಿಯುವುದು ಹಳೆ ಊರಿನ ಒಳಗೋ ಅಂಚಿನಲ್ಲೋ ಇರಲಿ, ಊರ ನಡುವಿನ ಚೌಕಕ್ಕೆ ಅಂಟಿಕೊಂಡ ಮನೆ ಮಾತ್ರ ಬೇಡ, ರಾತ್ರಿ ಬಾರ್‌ಗಳ ಗಿಟಾರು ಕೇಳುತ್ತದೆ. ಗದ್ದೆ ಕಡೆ ಕಿಟಕಿ ಇರುವ ರೂಮು ಕೇಳಿ. ವಿದೇಶಿಯರು ಎಲ್ಲೇ ಉಳಿದರೂ ಪಾಸ್‌ಪೋರ್ಟ್ ವಿವರ ಪೊಲೀಸ್ ದಾಖಲೆಗೆ ಹೋಗಬೇಕು, ಹೋಟೆಲಿನವರೇ ಮಾಡುತ್ತಾರೆ. ಚಿಕ್ಕ ಮನೆಗಳಲ್ಲಿ ಈ ಕೆಲಸ ಗೊತ್ತಿದೆಯಾ ಅಂತ ಬುಕ್ ಮಾಡುವ ಮೊದಲೇ ಒಂದು ಮೆಸೇಜ್ ಹಾಕಿ ಕೇಳಿಬಿಡಿ.

ಊರಿನ ಬಗ್ಗೆ ಸ್ವಲ್ಪ ಗೊತ್ತಿದ್ದರೆ ನೋಡುವುದಕ್ಕೆ ಚೆಂದ. ಯುನ್ನಾನ್‌ನಿಂದ ಟಿಬೆಟ್‌ಗೆ ಚಹಾ ಹೊತ್ತು ಹೋಗುತ್ತಿದ್ದ ಕುದುರೆ, ಹೇಸರಗತ್ತೆಗಳ ದಾರಿಯಲ್ಲಿ ಇದು ತಂಗುದಾಣ. ಸುತ್ತಮುತ್ತ ಉಪ್ಪಿನ ಬಾವಿಗಳಿದ್ದವು, ಆ ಉಪ್ಪಿನ ವ್ಯಾಪಾರವೂ ಇಲ್ಲೇ. ರಸ್ತೆ, ಲಾರಿ ಬಂದ ಮೇಲೆ ಊರು ಮರೆತೇಹೋಯಿತು, ಹಾಗಾಗಿಯೇ ಉಳಿಯಿತು ಅನ್ನಿ. ಅಪಾಯದಲ್ಲಿರುವ ನೂರು ಸ್ಮಾರಕಗಳ 2002ರ ಜಾಗತಿಕ ಪಟ್ಟಿಗೆ ಇಲ್ಲಿನ ಸಿದೆಂಗ್ ಚೌಕ ಸೇರಿದ ಮೇಲೆ, ಜಿಲ್ಲೆಯವರೂ ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್‌ನ ಇಟಿಹೆಚ್ ವಿಶ್ವವಿದ್ಯಾಲಯದ ತಜ್ಞರೂ ಸೇರಿ ದುರಸ್ತಿ ಮಾಡಿದರು. ಕೆಡವಿ ಹಳೆಯದರ ಥರ ಹೊಸದು ಕಟ್ಟಲಿಲ್ಲ, ಮಣ್ಣಿನ ಗೋಡೆಯನ್ನು ಮಣ್ಣಿನ ಗೋಡೆಯಾಗಿಯೇ ಬಿಟ್ಟರು. ಲಿಜಿಯಾಂಗ್ ನೋಡಿ ಬಂದವರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಚೌಕದ ಒಂದು ಬದಿಗೆ 1415ರಲ್ಲಿ ಕಟ್ಟಿದ ಶಿಂಗ್‌ಜಿಯಾವ್ ಬೌದ್ಧ ದೇವಾಲಯ, ಎದುರಿಗೆ ನಾಟಕದ ರಂಗಸ್ಥಳ. ಪೂರ್ವದ ಬಾಗಿಲು ದಾಟಿದರೆ ಹೇಹುಯ್ ನದಿ, ಅದರ ಮೇಲೆ ಯುಜಿನ್ ಅನ್ನುವ ಕಲ್ಲಿನ ಕಮಾನು ಸೇತುವೆ.

ಇನ್ನೊಂದು ವಿಷಯ. ಚೀನಾದ ಉದ್ದಗಲಕ್ಕೂ ಒಂದೇ ಗಡಿಯಾರ, ಬೀಜಿಂಗ್‌ನದ್ದು. ಶಾಶಿ ಇರುವುದು ಪಶ್ಚಿಮದಲ್ಲಿ. ಚಳಿಗಾಲದಲ್ಲಿ ಎಂಟು ಗಂಟೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಆರಕ್ಕೇ ಎದ್ದು ಕ್ಯಾಮೆರಾ ಹಿಡಿದು ಹೊರಟರೆ ಕತ್ತಲು, ನಾಯಿ ಎರಡೇ.

ಈಗ ಸಂತೆ. ಶುಕ್ರವಾರ ಬೆಳಿಗ್ಗೆ ಸುತ್ತಲಿನ ಬೆಟ್ಟದ ಹಳ್ಳಿಗಳಿಂದ ಬಾಯ್ ಮತ್ತು ಯಿ ಸಮುದಾಯದ ಜನ ಇಳಿದು ಬರುತ್ತಾರೆ. ಇದು ಪ್ರವಾಸಿಗರಿಗಾಗಿ ನಡೆಯುವ ಸಂತೆ ಅಲ್ಲ. ಪ್ಲಾಸ್ಟಿಕ್ ಬಕೆಟ್ಟು, ಗುದ್ದಲಿ, ಹಂದಿಮರಿ, ತರಕಾರಿ ಸಸಿ, ಒಣಮೆಣಸಿನಕಾಯಿ ರಾಶಿ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು. ಒಂಬತ್ತೂವರೆ, ಹತ್ತಕ್ಕೆ ಹೋದರೆ ಸರಿಯಾಗಿ ತುಂಬಿರುತ್ತದೆ, ಮಧ್ಯಾಹ್ನದ ಮೇಲೆ ಕರಗತೊಡಗುತ್ತದೆ. ತಿಂಡಿ ತಿನ್ನದೆ ಹೋಗಿ. ಅಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ ಅರ್‌ಕ್ವಾಯ್ ಅನ್ನುವ ದಪ್ಪ ಹಾಳೆಯನ್ನು ಕೆಂಡದ ಮೇಲೆ ಸುಟ್ಟು, ಖಾರದ ಚಟ್ನಿ ಸವರಿ ಮಡಚಿ ಕೊಡುತ್ತಾರೆ. ಪಕ್ಕದಲ್ಲಿ ಲ್ಯಾಂಗ್‌ಫೆನ್, ಅಂದರೆ ಕಾಳಿನ ಹಿಟ್ಟಿನ ಗಟ್ಟಿ ಗಂಜಿಯನ್ನು ತಣ್ಣಗೆ ಕತ್ತರಿಸಿ, ವಿನೆಗರ್, ಬೆಳ್ಳುಳ್ಳಿ, ಮೆಣಸಿನ ಎಣ್ಣೆ ಹಾಕಿ ಕಲಸಿದ್ದು. ಎರಡೂ ಹತ್ತಿಪ್ಪತ್ತು ಯುವಾನ್ ಒಳಗೆ ಮುಗಿಯುತ್ತದೆ. ಜನರ ಫೋಟೋ ತೆಗೆಯುವ ಮುಂಚೆ ಕೈ ಸನ್ನೆ ಮಾಡಿ ಕೇಳಿ. ಬೇಡ ಅಂದರೆ ಬೇಡ.

ಊಟದ ವಿಷಯದಲ್ಲಿ ಯುನ್ನಾನ್‌ನ ಒಂದು ಪದ್ಧತಿ ನನಗೆ ಬಹಳ ಇಷ್ಟ. ಸಣ್ಣ ಹೋಟೆಲುಗಳಲ್ಲಿ ಮೆನು ಓದುವ ಕಷ್ಟವೇ ಇಲ್ಲ. ಆ ದಿನ ಬಂದ ಸೊಪ್ಪು, ತರಕಾರಿ, ಮಾಂಸ ಎಲ್ಲವನ್ನೂ ಬಾಗಿಲ ಬಳಿ ಕಪಾಟಿನಲ್ಲೋ ಗಾಜಿನ ಫ್ರಿಜ್‌ನಲ್ಲೋ ಜೋಡಿಸಿರುತ್ತಾರೆ. ಬೆರಳು ತೋರಿಸಿ, ಅವರು ಹುರಿದು ಕೊಡುತ್ತಾರೆ. ಒಬ್ಬರಿಗೆ ಒಂದು ಪದಾರ್ಥ, ಜೊತೆಗೆ ಅನ್ನ, ಅಷ್ಟು ಸಾಕು, ತಟ್ಟೆ ದೊಡ್ಡದಿರುತ್ತದೆ. ಬೆಲೆ ಮೊದಲೇ ಕೇಳಿ, ಮುಖ್ಯವಾಗಿ ಮೀನು ಮತ್ತು ಅಣಬೆಗೆ, ಅವನ್ನು ತೂಕದ ಮೇಲೆ ಮಾರುತ್ತಾರೆ. ರಾತ್ರಿ ಅಡುಗೆಮನೆ ಬೇಗ ಮುಚ್ಚುತ್ತದೆ, ಏಳಕ್ಕೆಲ್ಲ ಕೂತುಬಿಡಿ.

ಬಿಡಬಾರದ್ದು ಹಾಲಿನ ಪದಾರ್ಥ. ಚೀನಾದಲ್ಲಿ ಹಾಲು, ಚೀಸ್ ಅಪರೂಪ ಅಂತಾರಲ್ವಾ, ಬಾಯ್ ಜನರ ಅಡುಗೆಯಲ್ಲಿ ಹಾಗಲ್ಲ. ರುಬಿಂಗ್ ಅನ್ನುವುದು ಮೇಕೆ ಹಾಲನ್ನು ಹುಳಿಯಿಂದ ಒಡೆಸಿ ಒತ್ತಿದ್ದು, ನೋಡಲು ತಿನ್ನಲು ಪನೀರ್ ಇದ್ದ ಹಾಗೆ. ತೆಳ್ಳಗೆ ಕತ್ತರಿಸಿ ಹೊಂಬಣ್ಣಕ್ಕೆ ಹುರಿದು ಉಪ್ಪು-ಖಾರದ ಪುಡಿ ಜೊತೆ ಕೊಡುತ್ತಾರೆ. ರುಶಾನ್ ಬೇರೆ. ಅದನ್ನು ಬಿಸಿ ಇರುವಾಗಲೇ ಎಳೆದು, ಬಿದಿರಿನ ಕೋಲುಗಳಿಗೆ ಸುತ್ತಿ ಒಣಗಿಸಿರುತ್ತಾರೆ. ಕೆಂಡದ ಮೇಲೆ ಹಿಡಿದರೆ ಉಬ್ಬುತ್ತದೆ, ಅದಕ್ಕೆ ಗುಲಾಬಿ ಜಾಮ್ ಸವರಿ ಸುತ್ತಿ ಕೊಡುತ್ತಾರೆ. ವಾಸನೆ ಸ್ವಲ್ಪ ಜೋರು, ಮೊದಲ ತುತ್ತಿಗೇ ತೀರ್ಮಾನ ಮಾಡಬೇಡಿ. ಮಾಂಸ ತಿನ್ನುವವರು ನುಓದೆಂಗ್ ಹ್ಯಾಮ್ ಕೇಳಿ. ಪಕ್ಕದ ಯುನ್‌ಲಾಂಗ್ ಜಿಲ್ಲೆಯ ನುಓದೆಂಗ್ ಹಳ್ಳಿಯ ಬಾವಿ ಉಪ್ಪಿನಲ್ಲಿ ಊರಿಸಿದ ಹಂದಿ ತೊಡೆ ಅದು. ಹುಳಿ-ಖಾರದ ಮೀನೂ ಚೆನ್ನಾಗಿರುತ್ತದೆ. ಶೆಂಗ್‌ಪಿ ಅಂತ ಹಸಿ ಹಂದಿ ಚರ್ಮದ ತಿನಿಸಿದೆ, ಬಾಯ್ ಜನರಿಗೆ ಪ್ರಾಣ. ನಾನಂತೂ ಶಿಫಾರಸು ಮಾಡುವುದಿಲ್ಲ, ಹಸಿ ಹಂದಿಯ ಹುಳುವಿನ ಅಪಾಯ ಸಣ್ಣದಲ್ಲ.

ಸಸ್ಯಾಹಾರಿಗಳೇ, ನೀವು ಉಪವಾಸ ಇರಬೇಕಿಲ್ಲ, ಆದರೆ ಬಾಯಿ ಬಿಟ್ಟು ಹೇಳಬೇಕು. ಸೊಪ್ಪನ್ನೂ ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ, ನೂಡಲ್ಸ್ ಸಾರು ಮೂಳೆಯದ್ದು, ಮೇಲೆ ಕೊಚ್ಚಿದ ಮಾಂಸ ಉದುರಿಸುವುದು ಅಭ್ಯಾಸ. "ವೋ ಚ ಸು" ಅಂದರೆ ನಾನು ಸಸ್ಯಾಹಾರಿ. ಅದಷ್ಟೇ ಸಾಲದು. ಮಾಂಸ ಬೇಡ, ಹಂದಿ ಕೊಬ್ಬು ಬೇಡ, ಮೂಳೆ ಸಾರು ಬೇಡ, ಕೋಳಿ ಪುಡಿ ಬೇಡ, ಗಿಡದ ಎಣ್ಣೆಯಲ್ಲಿ ಮಾಡಿ ಅಂತ ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಆಮೇಲೆ ಕೇಳಬೇಕಾದವು: ಹುರಿದ ರುಬಿಂಗ್, ಹುಳಿ-ಖಾರದ ಆಲೂಗಡ್ಡೆ ಎಳೆ, ಲಾವ್‌ನಾಯ್ ಯಾಂಗ್‌ಯು ಅನ್ನುವ ಹಿಸುಕಿ ಹುರಿದ ಆಲೂಗಡ್ಡೆ, ಪುದೀನ ಸಲಾಡ್, ಕೆರೆಯಲ್ಲಿ ಬೆಳೆಯುವ ಹಾಯ್‌ಚಾಯ್ ಅನ್ನುವ ಹೂ-ದಂಟಿನ ಸಾರು. ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ ಎಲ್ಲಿ ಹೋದರೂ ಸಿಗುತ್ತದೆ.

ಮಳೆಗಾಲದ ಅಣಬೆಗೆ ಬೇರೆಯೇ ಮಾತು. ಹುತ್ತದ ಅಣಬೆಯನ್ನು ಅಲ್ಲಿ ಜಿಜೊಂಗ್ ಅನ್ನುತ್ತಾರೆ, ಹಸಿಮೆಣಸಿನಕಾಯಿ ಹಾಕಿ ಹುರಿದರೆ ಬೇರೇನೂ ಬೇಡ. ಕತ್ತರಿಸಿದರೆ ನೀಲಿಯಾಗುವ ಜಿಯಾನ್‌ಶೋಚಿಂಗ್ ಕೂಡ ರುಚಿಯೇ, ಆದರೆ ಸರಿಯಾಗಿ ಬೇಯದಿದ್ದರೆ ಕಣ್ಣ ಮುಂದೆ ಪುಟ್ಟ ಪುಟ್ಟ ಮನುಷ್ಯರು ಕುಣಿಯುತ್ತಾರೆ. ತಮಾಷೆ ಅಲ್ಲ, ಪ್ರತಿ ವರ್ಷ ಜನ ಆಸ್ಪತ್ರೆ ಸೇರುತ್ತಾರೆ. ಅಣಬೆ ಹಾಟ್‌ಪಾಟ್ ಹೋಟೆಲುಗಳಲ್ಲಿ ಟೈಮರ್ ಇಟ್ಟು, ಕುದಿಯುವ ಸಮಯ ಮುಗಿಯುವವರೆಗೆ ಚಾಪ್‌ಸ್ಟಿಕ್ ಕೂಡ ಕೊಡದೆ ಕೂರಿಸುವುದುಂಟು. ಅವರ ಮಾತು ಕೇಳಿ. ಸಂತೆಯಲ್ಲಿ ಕೊಂಡು ರೂಮಿನಲ್ಲಿ ಬೇಯಿಸುವ ಸಾಹಸ ಬೇಡವೇ ಬೇಡ.

ಶನಿವಾರವನ್ನು ಶಿಬಾವ್‌ಶಾನ್ ಬೆಟ್ಟಕ್ಕೆ ಇಡಿ. ಅಲ್ಲಿನ ಶಿಜೊಂಗ್ ದೇವಾಲಯದ ಬಂಡೆಗಳಲ್ಲಿ 9ನೇ ಶತಮಾನದಿಂದ, ನಾನ್‌ಜಾವ್ ಮತ್ತು ದಾಲಿ ರಾಜ್ಯಗಳ ಕಾಲದಲ್ಲಿ ಕೆತ್ತಿದ ಶಿಲ್ಪಗಳಿವೆ. ಬುದ್ಧ, ಬೋಧಿಸತ್ವರ ಜೊತೆಗೆ ನಾನ್‌ಜಾವ್ ರಾಜರೂ ಪರಿವಾರ ಸಮೇತ ಕೂತಿದ್ದಾರೆ. ಅವಲೋಕಿತೇಶ್ವರ ಅನ್ನುವ ಬೋಧಿಸತ್ವ ಭಾರತದ ಭಿಕ್ಷುವಿನ ವೇಷದಲ್ಲಿ ಈ ನಾಡಿಗೆ ಬಂದ ಅನ್ನುವುದು ಇಲ್ಲಿನ ಹಳೆ ಐತಿಹ್ಯ. ಹೆಣ್ಣಿನ ಯೋನಿಯ ಕೆತ್ತನೆಯೊಂದಿದೆ, ಹೆರಿಗೆ ಸುಲಭವಾಗಲಿ ಅಂತ ಹೆಂಗಸರು ಎಣ್ಣೆ ಸವರಿ ಸವರಿ ಅದು ಕಪ್ಪಾಗಿದೆ. ಗಾಡಿಯಲ್ಲೂ ಹೋಗಬಹುದು, ಆದರೆ ಕಾಲಿಗೆ ಶಕ್ತಿ ಇದ್ದರೆ ಕಣಿವೆಯಿಂದ ಪೈನ್ ಕಾಡಿನ ನಡುವೆ ಹತ್ತುವ ದಾರಿಯೇ ಚೆಂದ. ಎರಡು-ಮೂರು ಗಂಟೆ ಇಟ್ಟುಕೊಳ್ಳಿ, ನಿಧಾನಕ್ಕೆ ಹತ್ತಿ, ಎತ್ತರಕ್ಕೆ ಉಸಿರು ಕಟ್ಟುತ್ತದೆ. ನೀರು, ತಿನ್ನಲು ಏನಾದರೂ, ಟಿಶ್ಯೂ ಪೇಪರ್ ನಿಮ್ಮದೇ ಇರಲಿ, ಶೌಚಾಲಯಗಳಲ್ಲಿ ಪೇಪರೂ ಇರುವುದಿಲ್ಲ, ಚೊಂಬೂ ಇರುವುದಿಲ್ಲ. ಬಂಡೆಗೆ ನೇತುಬಿದ್ದಂತಿರುವ ಬಾವ್‌ಶಿಯಾಂಗ್ ದೇವಾಲಯ ಅದೇ ಬೆಟ್ಟದ ಇನ್ನೊಂದು ಕಡೆ. ಅಲ್ಲಿ ಕೋತಿಗಳ ಕಾಟ, ಕೈಯಲ್ಲಿ ಚೀಲ ಹಿಡಿದುಕೊಂಡು ಹೋಗಬೇಡಿ.

ಬೆಟ್ಟ ಬೇಡ ಅನ್ನುವವರು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಕಣಿವೆ ಸುತ್ತಿ. ಬೆಯ್‌ಲಾಂಗ್ ಹಳ್ಳಿಯಲ್ಲಿ ಹಳೆ ದವಸದ ಉಗ್ರಾಣವನ್ನು ಪುಸ್ತಕದ ಅಂಗಡಿ ಮಾಡಿದ್ದಾರೆ. ಓದಲು ಬಾರದಿದ್ದರೂ ಕಾಫಿ ಕುಡಿದು ಕೂರಬಹುದು.

ಹೊರಡುವ ಹಿಂದಿನ ರಾತ್ರಿಯೇ ವ್ಯಾನಿಗೆ ಹೇಳಿಡಿ. ಜಿಯಾನ್‌ಚ್ವಾನ್‌ನಲ್ಲಿ ಬಸ್ ಬದಲಿಸಿ ದಾಲಿ ರೈಲು ಹಿಡಿಯುವವರು ನಡುವೆ ಎರಡು ಗಂಟೆಯಾದರೂ ಬಿಡುವು ಇಟ್ಟು ಟಿಕೆಟ್ ಮಾಡಿ. ಅದೇ ದಿನ ಕುನ್ಮಿಂಗ್‌ನಿಂದ ವಿಮಾನ ಇಟ್ಟುಕೊಳ್ಳುವುದು ಬೇಡ, ಒಂದು ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಹಾರಿ.