72ರ ಟಾರ್ಗೆಟ್, 80 ಅಂದ ನಾನು

2016ರ ಏಪ್ರಿಲ್ 18, ಸೋಮವಾರ. ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ನನ್ನ ಲೈನ್‌ನ 36 ಹೊಲಿಗೆ ಮಷೀನೂ ಖಾಲಿ. ಎಲ್ಲರೂ ಹೊಸೂರು ರಸ್ತೆಯಲ್ಲಿದ್ದರು. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದ ದಿನ ಅದು. ಮಾರನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಇದು ಎಲ್ಲರಿಗೂ ಗೊತ್ತಿರೋದೇ.

ನನ್ನನ್ನು ಚುಚ್ಚಿದ್ದು ಬೇರೆ. ನನ್ನ ದುಡ್ಡೂ ಅದೇ ಪಿಎಫ್‌ನಲ್ಲಿತ್ತು. ಎಂಟು ವರ್ಷ ಅದೇ ಫ್ಲೋರ್‌ನಲ್ಲಿ ಕಾಲರ್ ಹೊಲಿದು ಸೂಪರ್‌ವೈಸರ್ ಆದವಳು ನಾನು. ಆದರೂ "ನಾವು ಹೊರಗೆ ಹೋಗ್ತಿದೀವಿ, ನೀವೂ ಬನ್ನಿ" ಅಂತ ಒಬ್ಬಳೂ ಕರೆಯಲಿಲ್ಲ. 'ಅಕ್ಕ' ಅನ್ನುತ್ತಿದ್ದವರು 'ಮೇಡಂ' ಅನ್ನೋಕೆ ಶುರು ಮಾಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ಆಗ ಅದನ್ನು ಮರ್ಯಾದೆ ಅಂದುಕೊಂಡಿದ್ದೆ.

ಒಂದು ವಾರ ಸುಮ್ನಿದ್ದೆ. ಆಮೇಲೆ ಊಟದ ಹೊತ್ತಲ್ಲಿ ಕಫ್ ಹೊಲಿಯುವ ಹಿರಿಯ ಹೆಂಗಸಿನ ಪಕ್ಕ ಡಬ್ಬಿ ಬಿಚ್ಚಿಕೊಂಡು ಕೂತು ಕೇಳಿಯೇಬಿಟ್ಟೆ. ಆಕೆ ಅನ್ನ ಕಲೆಸುತ್ತಲೇ ಹೇಳಿದರು: "ನೀವು ನಮಗೆ ಯಾವತ್ತು ನಿಜ ಹೇಳಿದೀರ ಮೇಡಂ? ಆಫೀಸ್‌ನವರು ಗಂಟೆಗೆ 72 ಪೀಸು ಟಾರ್ಗೆಟ್ ಕೊಟ್ರೆ ನೀವು 80 ಅಂತೀರ. ಲೈನಿಗೆಲ್ಲ ಗೊತ್ತು."

ತುತ್ತು ಗಂಟಲಲ್ಲೇ ನಿಂತಿತು.

ಲೆಕ್ಕ ಇಷ್ಟು. ಆಗ ನಾವು ಹೊಲಿಯುತ್ತಿದ್ದ ಶರ್ಟಿಗೆ ಎಲ್ಲ ಕೆಲಸ ಸೇರಿ 18 ನಿಮಿಷ. 36 ಜನ, ಗಂಟೆಗೆ 60 ನಿಮಿಷ, ಅಂದರೆ 2,160 ನಿಮಿಷ. 18ರಿಂದ ಭಾಗಿಸಿದರೆ 120 ಪೀಸು. ಆದರೆ ದಾರ ತುಂಡಾಗುತ್ತೆ, ಬಾಬಿನ್ ಖಾಲಿಯಾಗುತ್ತೆ, ಕಟಿಂಗ್‌ನಿಂದ ಬಂಡಲ್ ತಡವಾಗುತ್ತೆ. ಅದಕ್ಕೇ ನಮ್ಮ ಲೈನಿಗೆ ಶೇಕಡಾ 60 ಹಿಡಿದು ಗಂಟೆಗೆ 72 ಕೊಡುತ್ತಿದ್ದರು. ಅದರ ಮೇಲೆ ಎಂಟು ಸೇರಿಸುತ್ತಿದ್ದವಳು ನಾನು. ನನ್ನ ಕಾಲದ ಸೂಪರ್‌ವೈಸರೂ ಹಾಗೇ ಮಾಡುತ್ತಿದ್ದ. 80 ಕೇಳಿದರೆ 72 ಬರುತ್ತೆ ಅನ್ನೋದು ಈ ಕೆಲಸದ ಹಳೇ ಉಪಾಯ. ಬರುತ್ತಿದ್ದದ್ದು ಮಾತ್ರ 65. 80 ಸುಳ್ಳು ಅಂತ ಗೊತ್ತಿದ್ದವರಿಗೆ 72 ಮಾತ್ರ ಯಾಕೆ ನಿಜ ಅನ್ನಿಸಬೇಕು?

ಅವತ್ತು ರಾತ್ರಿ ಒಂದು ತಿಂಗಳ ಗಂಟೆವಾರು ಶೀಟುಗಳನ್ನು ಮನೆಗೆ ತಂದು ಹರಡಿಕೊಂಡು ಕೂತೆ. ಮ್ಯಾನೇಜರ್ ಮೀಟಿಂಗ್‌ನಲ್ಲಿ ನನಗೆ ಬೈದ ದಿನಗಳು ನೆನಪಿದ್ದವು, ಅಂಥವು ಮರೆಯಲ್ಲ ಅಲ್ವಾ. ಅವಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಆ ದಿನಗಳಲ್ಲಿ ಮೀಟಿಂಗ್ ಆದ ಮೇಲಿನ ಗಂಟೆಯಲ್ಲಿ ನಾಲ್ಕೈದು ಪೀಸು ಜಾಸ್ತಿ. ಅದರ ಮುಂದಿನ ಗಂಟೆ ಆಲ್ಟರ್ ಹೆಚ್ಚುಕಡಿಮೆ ಎರಡು ಪಟ್ಟು. ಹೊಲಿಗೆ ಬಿಟ್ಟಿದ್ದು, ಕಫ್ ಏರುಪೇರಾಗಿದ್ದು ಅಂತ ಚೆಕಿಂಗ್‌ನವರು ವಾಪಸ್ ಕಳಿಸುವ ಪೀಸುಗಳಿವು. ಹೊಲಿಯೋದಕ್ಕಿಂತ ಬಿಚ್ಚಿ ಹೊಲಿಯೋದಕ್ಕೆ ಟೈಮು ಜಾಸ್ತಿ. ಮೀಟಿಂಗ್ ಇಲ್ಲದ ಶನಿವಾರಗಳ ಶೀಟು ಮಾತ್ರ ತಣ್ಣಗಿತ್ತು. ಜನ ಅವರೇ, ಮಷೀನೂ ಅವೇ.

ಅಂದರೆ ನಾನು ಕೂಗುತ್ತಿದ್ದದ್ದು ಇವರ ತಪ್ಪಿಗಲ್ಲ. ಅಲ್ಲಿ ತಿಂದದ್ದನ್ನು ಇಲ್ಲಿಗೆ ಬಂದು ಕಕ್ಕುತ್ತಿದ್ದೆ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಆ ರಾತ್ರಿಯೊಂದೇ ಸಾಕಾಗಲಿಲ್ಲ.

ಮುಂದಿನ ಸೋಮವಾರ ಮಷೀನ್ ಶುರುವಾಗುವ ಮುಂಚೆ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿದೆ. ಬೋರ್ಡ್ ಮೇಲೆ ಆ ಲೆಕ್ಕ ಪೂರ್ತಿ ಬರೆದೆ. "ಇಷ್ಟು ದಿನ ನಾನು 80 ಅಂತ ಸುಳ್ಳು ಹೇಳಿದೆ. ಟಾರ್ಗೆಟ್ 72. ಇನ್ನೊಂದು ವಿಷಯ, ಮೀಟಿಂಗ್‌ನಿಂದ ಬಂದ ಮೇಲೆ ನನ್ನ ತಲೆ ಸರಿ ಇರಲ್ಲ. ಹತ್ತು ನಿಮಿಷ ಲೈನ್ ಹತ್ತಿರ ಬರಲ್ಲ" ಅಂದೆ. ಯಾರೂ ಮಾತಾಡಲಿಲ್ಲ. ಹಿಂದೆ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು, ಅಷ್ಟೇ.

ಮೊದಲ ವಾರ ಪ್ರೊಡಕ್ಷನ್ 60ಕ್ಕೆ ಇಳಿಯಿತು. ಹಳೇ ದಾರಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಮೂರನೇ ವಾರದಲ್ಲಿ ಜೇಬು ಕೂರಿಸುವವಳು ಒಂದು ಬಂಡಲ್ ಹಿಡಿದು ತಾನಾಗಿ ಬಂದಳು. "ಮೇಡಂ, ಗುರುತು ಕಾಲು ಇಂಚು ಕೆಳಗಿದೆ, ಒಂಬತ್ತು ಪೀಸು ಹೊಲಿದುಬಿಟ್ಟೆ." ಹಿಂದೆ ಇಂಥದ್ದೇ ತಪ್ಪು ಫಿನಿಶಿಂಗ್‌ನಲ್ಲಿ ಸಿಕ್ಕಾಗ ಇನ್ನೂರು ಪೀಸು ದಾಟಿತ್ತು. ಆಗಲೂ ಯಾರೋ ಒಬ್ಬಳು ಮೊದಲೇ ನೋಡಿರುತ್ತಾಳೆ. ಹೇಳಿದರೆ ಬೈಸಿಕೊಳ್ಳಬೇಕು ಅಂತ ಬಾಯಿ ಮುಚ್ಚಿಕೊಂಡಿರುತ್ತಾಳೆ.

ಇನ್ನು ರಜೆ. ನಮ್ಮ ಲೈನ್‌ನಲ್ಲಿ ಅಜ್ಜಿಯರು ಸತ್ತಷ್ಟು ಬೇರೆಲ್ಲೂ ಸತ್ತಿರಲಿಕ್ಕಿಲ್ಲ. ಒಬ್ಬಳ ಅಜ್ಜಿಯಂತೂ ಮೂರು ಸಲ. "ಕಾರಣ ಬೇಡ, ಬರಲ್ಲ ಅಂತ ಹಿಂದಿನ ಸಂಜೆ ಹೇಳಿ ಸಾಕು" ಅಂದೆ. ಸಂಜೆಯೇ ಗೊತ್ತಾದರೆ ಆ ಮಷೀನಿಗೆ ಪಕ್ಕದ ಲೈನ್‌ನಿಂದ ಒಬ್ಬರನ್ನು ಕೇಳಿ ಕೂರಿಸಬಹುದು. ಬೆಳಿಗ್ಗೆ ಗೊತ್ತಾದರೆ ಇಡೀ ಲೈನ್ ಆ ಒಂದು ಕಡೆ ಕಟ್ಟಿಕೊಳ್ಳುತ್ತೆ. ಇಬ್ಬರು ಇದನ್ನೇ ಸಲಿಗೆ ಮಾಡಿಕೊಂಡರು. ಅವರಿಗೆ ಹಾಜರಿ ಪುಸ್ತಕ ಮುಂದಿಟ್ಟು ನೇರವಾಗಿಯೇ ಹೇಳಬೇಕಾಯಿತು. ಒಬ್ಬಳು ಮುನಿಸಿಕೊಂಡು ಲೈನ್ ಬದಲಿಸಿಕೊಂಡಳು.

ಮ್ಯಾನೇಜರಿಗೆ ಬೋರ್ಡ್ ಮೇಲಿನ ಲೆಕ್ಕ ಹಿಡಿಸಲಿಲ್ಲ. "ಇವರಿಗೆಲ್ಲ ಯಾಕೆ ಇದು?" ಅಂದರು. ಶೀಟು ತೋರಿಸಿದೆ. ಆಲ್ಟರ್ ಇಳಿದಿತ್ತು, ಪೀಸು 70ರ ಆಸುಪಾಸಿಗೆ ಬಂದಿತ್ತು. ಸರಿ ಅಂತಲೂ ಅನ್ನಲಿಲ್ಲ, ಅಳಿಸು ಅಂತಲೂ ಅನ್ನಲಿಲ್ಲ. ನಾನೂ ಅಷ್ಟಕ್ಕೇ ಬಿಟ್ಟೆ.

ನನ್ನ ದನಿ ಪೂರ್ತಿ ತಣ್ಣಗಾಯಿತು ಅಂದುಕೊಳ್ಳಬೇಡಿ. ಒಂದು ದಿನ ಮೀಟಿಂಗ್‌ನಿಂದ ಬಂದವಳೇ ನೇರ ಲೈನಿಗೆ ನುಗ್ಗಿ ತೋಳು ಹೊಲಿಯುವವಳ ಮೇಲೆ ಶುರು ಮಾಡಿದೆ. ಅವಳು ಮಷೀನ್ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದಳು.

"ಮೇಡಂ, ಇನ್ನೂ ಹತ್ತು ನಿಮಿಷ ಆಗಿಲ್ಲ."

ಮಾತಿಲ್ಲದೆ ನೀರು ಕುಡಿಯೋಕೆ ಹೋದೆ.